ಇಬ್ಬರು ಅಕ್ಕಂದಿರಿಗೆ ಒಂದೇ ಬಣ್ಣದ ಆಯಿ

ಇಬ್ಬರು ಅಕ್ಕಂದಿರ ಬೆನ್ನಿಗೆ ತಮ್ಮನಾಗಿ ಹುಟ್ಟಿದವನು ಹಿಂದಿನ ಜನ್ಮದಲ್ಲಿ ಏನು ಮಾಡಿರುತ್ತಾನೋ ಗೊತ್ತಿಲ್ಲ, ಈ ಜನ್ಮವಿಡೀ ತಕ್ಕಡಿ ಹಿಡಿಯುವ ಕೆಲಸ ಮಾತ್ರ ಅವನಿಗೆ ತಪ್ಪಿದ್ದಲ್ಲ. ಒಬ್ಬಳ ಮನೆಯಲ್ಲಿ ಒಂದು ರಾತ್ರಿ ಉಳಿದರೆ ಇನ್ನೊಬ್ಬಳ ಮನೆಯಲ್ಲೂ ಉಳಿಯಬೇಕು. ಒಬ್ಬಳ ಕೈಯ ಬಂಗಡೆ ಮೀನಿನ ಸಾರನ್ನು ಹೊಗಳಿದ್ದು ಇನ್ನೊಬ್ಬಳ ಕಿವಿಗೆ ಬಿತ್ತೋ, ಮುಂದಿನ ಸಲ ಅವಳ ಮನೆಗೆ ಹೋದಾಗ ಗಂಜಿ, ಉಪ್ಪಿನಕಾಯಿ. ನನ್ನ ದೊಡ್ಡಕ್ಕ ಇರುವುದು ಹಟ್ಟಿಕೇರಿಯಲ್ಲಿ. ಗದ್ದೆ, ಎಮ್ಮೆ, ಗಂಡ ಮೂರನ್ನೂ ಒಂದೇ ದನಿಯಲ್ಲಿ ಗದರಿಸಿ ನಡೆಸುವವಳು. ಸಣ್ಣಕ್ಕ ಇರುವುದು ಕಾರವಾರದಲ್ಲಿ. ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ದಿನಾ ಅಷ್ಟೊಂದು ಮಕ್ಕಳಿಗೆ ಸಮನಾಗಿ ಬಡಿಸಿ ಬಡಿಸಿ ಅವಳ ಕಣ್ಣು ಎಷ್ಟು ಪಳಗಿದೆಯೆಂದರೆ, ತನ್ನ ಪಾಲಿಗೆ ಒಂದು ಅಗುಳು ಕಡಿಮೆ ಬಿದ್ದರೂ ದೂರದಿಂದಲೇ ಕಾಣುತ್ತದೆ. ಇವರಿಬ್ಬರ ನಡುವೆ, ಅಂಕೋಲೆಯ ಪೇಟೆಯಲ್ಲಿ ಒಂದು ಸಣ್ಣ ಫೋಟೋ ಸ್ಟುಡಿಯೋ ಇಟ್ಟುಕೊಂಡು, ಭೂಗೋಳದ ಪ್ರಕಾರ ಅಲ್ಲದಿದ್ದರೂ ಸ್ವಭಾವದ ಪ್ರಕಾರ ಮಧ್ಯದಲ್ಲಿ ಸಿಕ್ಕಿಬಿದ್ದವನು ನಾನು.

ಈಗ ಸ್ಟುಡಿಯೋ ಅಂದರೆ ಬೇರೇನಿಲ್ಲ. ಬಿಳಿ ಪರದೆ, ಒಂದು ಸ್ಟೂಲು, ಕಂಪ್ಯೂಟರು, ಅರ್ಜಿಗೆ ಅಂಟಿಸುವ ಸಣ್ಣ ಫೋಟೋಗಳು. ಬಂದವರೆಲ್ಲ ತಮ್ಮ ಮುಖಕ್ಕಿಂತ ಚೂರು ಚೆನ್ನಾಗಿರುವ ಮುಖ ಕೇಳುತ್ತಾರೆ, ನಾನು ಕೊಡುತ್ತೇನೆ. ಆದರೆ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುತ್ತಿದ್ದ ಕಾಲದ ಎನ್‌ಲಾರ್ಜರನ್ನು, ಸಣ್ಣ ನೆಗೆಟಿವ್‌ನಿಂದ ದೊಡ್ಡ ಚಿತ್ರ ಮಾಡುವ ಆ ಯಂತ್ರವನ್ನು, ಮಾರಲು ನನಗೆ ಮನಸ್ಸು ಬಂದಿಲ್ಲ. ಅದು ಮನೆಯ ಬಚ್ಚಲಿನ ಮೂಲೆಯಲ್ಲಿ, ಹಂಡೆಯ ಪಕ್ಕ, ಹಳೆ ಸೀರೆ ಹೊದ್ದು ನಿಂತಿದೆ. ಹೊಸದಾಗಿ ಬಂದವರು ಅದನ್ನು ಯಾವುದೋ ಮನೆದೇವರು ಅಂದುಕೊಂಡು ಕೈ ಮುಗಿದದ್ದೂ ಉಂಟು. ಆ ಕಾಲದಲ್ಲಿ ಬಚ್ಚಲೇ ನನ್ನ ಕತ್ತಲೆ ಕೋಣೆ, ಹಾಗಾಗಿ ಅಲ್ಲಿ ಬಿಳಿ ಬಲ್ಬಿನ ಜೊತೆಗೆ ಫೋಟೋ ಕಾಗದವನ್ನು ಕೆಡಿಸದ ಒಂದು ಕೆಂಪು ಬಲ್ಬೂ ಇದೆ. ಒಂದು ಸಲ ಮಂಜಗುಣಿಯಿಂದ ಬಂದ ನೆಂಟರೊಬ್ಬರು ಗೊತ್ತಿಲ್ಲದೆ ಕೆಂಪು ಬಲ್ಬು ಹಾಕಿಕೊಂಡು ಸ್ನಾನಕ್ಕೆ ಇಳಿದರು. ಮೊದಲ ತಂಬಿಗೆ ಮೈಮೇಲೆ ಸುರಿದುಕೊಂಡವರು ಕೆಳಗೆ ಕೆಂಪಗೆ ಹರಿಯುವ ನೀರು ನೋಡಿ, ಒದ್ದೆ ಪಂಚೆಯಲ್ಲೇ ಹೊರಗೆ ಓಡಿಬಂದು, 'ಎಲ್ಲಿ ಒಡೀತೋ ಎಂತೋ, ಡಾಕ್ಟರನ್ನ ಕರೀರಿ' ಎಂದು ಜಗಲಿಯಲ್ಲಿ ಅಂಗಾತ ಮಲಗಿಬಿಟ್ಟರು. ನನ್ನ ಹೆಂಡತಿ ಮಂಗಲಾ ಇಂದಿಗೂ ಆ ಕಥೆಯನ್ನು ಎನ್‌ಲಾರ್ಜರಿನ ವಿರುದ್ಧದ ಮುಖ್ಯ ಸಾಕ್ಷಿಯಾಗಿ ಬಳಸುತ್ತಾಳೆ.

ಈಗ ನನ್ನ ಪೇಚಿನ ವಿಷಯ. ನಮ್ಮ ಮೂಲ ಮನೆ ಚೆಂಡಿಯಾದಲ್ಲಿತ್ತು. ನೌಕಾನೆಲೆಗೆ ಜಾಗ ಹೋಯಿತು, ಊರವರ ಜೊತೆ ನಾವೂ ಗಂಟುಮೂಟೆ ಕಟ್ಟಿದೆವು. ಮನೆ ಬಿಡುವ ಮುಂಚೆ ನಾನು ಗೆಳೆಯನೊಬ್ಬನ ಕ್ಯಾಮೆರಾ ಕಾಡಿ ಬೇಡಿ ತಂದು, ಆಯಿಯನ್ನು, ಅಂದರೆ ನಮ್ಮ ಅಮ್ಮನನ್ನು, ಅಂಗಳದಲ್ಲಿ ನಿಲ್ಲಿಸಿ ಒಂದು ಫೋಟೋ ತೆಗೆದಿದ್ದೆ. ನಾನು ತೆಗೆದ ಮೊಟ್ಟಮೊದಲ ಫೋಟೋ ಅದು. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದ್ದ ಆಯಿ ಮುಂದೆ ಯಾರ ಕ್ಯಾಮೆರಾಕ್ಕೂ ಮುಖ ಕೊಡಲಿಲ್ಲ. ಹಾಗಾಗಿ ಅವಳ ಫೋಟೋ ಅಂದರೆ ಅದೊಂದೇ. ಅವಳು ತೀರಿಕೊಂಡ ಮೇಲೆ ಅದು ಕಟ್ಟು ಹಾಕಿಸಿಕೊಂಡು ದೊಡ್ಡಕ್ಕನ ಮನೆಯ ಗೋಡೆ ಸೇರಿತು.

ಮಹಾಲಯದಲ್ಲಿ ಹಿರಿಯರಿಗೆ ಎಡೆ ಇಡುವುದು ಮಗನಾದ ನನ್ನ ಮನೆಯಲ್ಲಿ, ಅಂದು ಅಕ್ಕಂದಿರಿಬ್ಬರೂ ಬರುತ್ತಾರೆ. ಆದರೆ ಮಂಗಲಾಳ ಅಡುಗೆಯಿಂದ ಆಯಿಯ ಹೊಟ್ಟೆ ತುಂಬುವುದಿಲ್ಲ ಎಂಬುದು ನನ್ನ ಅಕ್ಕಂದಿರ ಏಕೈಕ ಒಮ್ಮತದ ಅಭಿಪ್ರಾಯ. ಆದ್ದರಿಂದ ಅದೇ ಪಕ್ಷದಲ್ಲಿ ಇನ್ನೊಂದು ದಿನ ದೊಡ್ಡಕ್ಕ ತನ್ನ ಮನೆಯಲ್ಲಿ ಆಯಿಗೆ ಇಷ್ಟವಾದದ್ದೆಲ್ಲ ಬೇಯಿಸಿ ಫೋಟೋದ ಮುಂದೆ ಎಲೆ ಹಾಕುತ್ತಿದ್ದಳು. ಸಣ್ಣಕ್ಕ ಅಲ್ಲಿಗೆ ಹೋಗಿ ಉಂಡು ಬರುತ್ತಿದ್ದಳು. ಈ ವರ್ಷ ಮಳೆಗಾಲದಲ್ಲಿ ಕಟ್ಟಿನೊಳಗೆ ಗೆದ್ದಲು ಹೊಕ್ಕು ಆಯಿಯ ಸೆರಗಿನಿಂದ ಗಲ್ಲದವರೆಗೆ ತಿಂದುಹಾಕಿತು. ದೊಡ್ಡಕ್ಕ ಹೊಸ ಫೋಟೋ ಕೇಳಿದಳು. ಸುದ್ದಿ ಕಾರವಾರ ಮುಟ್ಟಿತು. 'ಹಂಗಾದ್ರೆ ನನಗೂ ಒಂದು ಬೇಕು ತಮಾ,' ಎಂದು ಸಣ್ಣಕ್ಕ ಫೋನ್ ಮಾಡಿದಳು. 'ಆಯಿ ಏನು ಅವಳೊಬ್ಬಳಿಗೇ ಆಯಿಯಾ? ನಾನೂ ಎಲೆ ಹಾಕ್ತೆ.'

ಮೊದಲು ನಾನೂ ಸುಲಭದ ದಾರಿಯನ್ನೇ ಹಿಡಿದೆ. ಬಿಸ್ಕತ್ತಿನ ಡಬ್ಬಿಯಲ್ಲಿ ಜೋಪಾನವಾಗಿದ್ದ ನೆಗೆಟಿವ್ ತೆಗೆದು, ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಮುಖ ತಿದ್ದಿ, ಎರಡು ಪ್ರಿಂಟ್ ತೆಗೆದೆ. ಕೈ ರೂಢಿ ನೋಡಿ, ಅರ್ಜಿಯ ಫೋಟೋಗಳಿಗೆ ಮಾಡುವ ಹಾಗೆ ಆಯಿಯ ಸುಕ್ಕುಗಳನ್ನೂ ಒರೆಸಿಬಿಟ್ಟಿದ್ದೆ. ದೊಡ್ಡಕ್ಕ ಅದನ್ನು ತಿರುಗಿಸಿ ಮುರುಗಿಸಿ ನೋಡಿ, 'ಇವಳು ಯಾರ ಮನೆ ಹೆಂಗಸೋ?' ಎಂದಳು. ಸಣ್ಣಕ್ಕ, 'ಬಿಸಿಲಲ್ಲಿ ಗದ್ದೆ ಕೊಯ್ದ ಆಯಿಗೆ ಪೌಡರ್ ಹಚ್ಚಿದ್ಯಲ್ಲೋ. ನನಗೆ ನೀನು ಕೈಯಿಂದ ತೊಳೆದದ್ದೇ ಬೇಕು, ಮೊದಲಿಂದು ಹೆಂಗಿತ್ತು ಹಂಗೆ,' ಎಂದಳು. ಒಳಗೊಳಗೇ ನನಗೆ ಹಿಗ್ಗು. ಎಷ್ಟೋ ವರ್ಷಗಳ ಮೇಲೆ ಯಾರೋ ನನ್ನ ಕೈಯ ಕೆಲಸ ಕೇಳುತ್ತಿದ್ದಾರೆ. ಮುಂಬೈಯಿಂದ ಫೋಟೋ ಕಾಗದವನ್ನೂ ಅದನ್ನು ತೊಳೆಯುವ ಔಷಧಿಯನ್ನೂ ಪಾರ್ಸೆಲ್ ತರಿಸಿದೆ, ಬಚ್ಚಲಿನ ಕಿಟಕಿಗೆ ಕರಿ ಬಟ್ಟೆ ತುರುಕಿದೆ, ಎನ್‌ಲಾರ್ಜರಿನ ಸೀರೆ ಬಿಚ್ಚಿದೆ.

ಕತ್ತಲೆ ಕೋಣೆಯ ವಿದ್ಯೆ ಗೊತ್ತಿಲ್ಲದವರಿಗೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ನೆಗೆಟಿವ್ ಮೂಲಕ ಕಾಗದದ ಮೇಲೆ ಬೆಳಕು ಬಿಡಬೇಕು. ಹೆಚ್ಚು ಬೆಳಕು ಬಿದ್ದರೆ ಚಿತ್ರ ಕಪ್ಪು, ಕಡಿಮೆ ಬಿದ್ದರೆ ಬಿಳಿಚು. ಬೆಳಕಿನ ಅಳತೆ ನಮ್ಮ ಕೈಯಲ್ಲಿರುವುದು ಎರಡು ಕಡೆ. ಒಂದು ಅಪರ್ಚರ್, ಅಂದರೆ ಲೆನ್ಸಿನ ಬಾಯಿ. ಅದರ ಸುತ್ತಲಿನ ಬಳೆಯನ್ನು ಟಕ್ ಎಂದು ಒಂದು ಮನೆ, ಅಂದರೆ ಒಂದು ಅಂಕಿಯಷ್ಟು, ಕಿರಿದಿನ ಕಡೆ ತಿರುಗಿಸಿದರೆ ಬೆಳಕು ಅರ್ಧವಾಗಬೇಕು. ಇನ್ನೊಂದು ಟೈಮರ್. ಎಷ್ಟು ಸೆಕೆಂಡಿಗೆ ಇಟ್ಟರೆ ಅಷ್ಟು ಹೊತ್ತು ಬಲ್ಬು ಉರಿದು ತಾನೇ ಆರಬೇಕು. ನಲ್ಲಿಯನ್ನು ಎಷ್ಟು ತಿರುಗಿಸಿದ್ದೀರಿ, ಕೊಡವನ್ನು ಎಷ್ಟು ಹೊತ್ತು ಹಿಡಿದಿದ್ದೀರಿ, ಅಷ್ಟೇ ಲೆಕ್ಕ. ಪುಸ್ತಕದ ಪ್ರಕಾರ ಬಾಯಿ ಒಂದು ಮನೆ ಕಿರಿದು ಮಾಡಿ ಹೊತ್ತನ್ನು ದುಪ್ಪಟ್ಟು ಮಾಡಿದರೆ ಫಲಿತಾಂಶ ಒಂದೇ. ಪುಸ್ತಕ ಬರೆದವರಿಗೆ ಅಕ್ಕಂದಿರಿರಲಿಲ್ಲ ಎಂದು ಕಾಣುತ್ತದೆ.

ಮೊದಲ ಜೋಡಿಯನ್ನು ತೆಗೆದದ್ದು ಅವಸರದಲ್ಲಿ. ಮನೆಗೆ ಇರುವುದು ಒಂದೇ ಬಚ್ಚಲು. ನಾನು ಒಳಗೆ ಹೋಗಿ ಚಿಲಕ ಹಾಕಿಕೊಂಡೆನೋ ಇಲ್ಲವೋ, ಮಂಗಲಾ ಬಾಗಿಲು ತಟ್ಟತೊಡಗಿದಳು. 'ನಿಮ್ದು ಆಗೂದು ಯಾವಾಗ? ನಾನು ಮೀಯೂದು ಯಾವಾಗ?' ಬೇಗ ಮುಗಿಯಲಿ ಎಂದು ಲೆನ್ಸಿನ ಬಾಯಿ ದೊಡ್ಡದಾಗಿ ತೆರೆದು, ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಕಾಗದಕ್ಕೂ ಬೆಳಕು ಕೊಟ್ಟು, ಔಷಧಿಯಲ್ಲಿ ಅದ್ದಿ, ತೊಳೆದು, ಬಟ್ಟೆ ಒಣಗಿಸುವ ಹಗ್ಗಕ್ಕೆ ನೇತುಹಾಕಿದೆ, ಒಣಗಿದ ಮೇಲೆ ಇಬ್ಬರಿಗೂ ಒಂದೊಂದು ಕಳಿಸಿದೆ. ನನ್ನ ಕಣ್ಣಿಗೆ ಎರಡೂ ಒಂದೇ. ಸಣ್ಣಕ್ಕನ ಕಣ್ಣಿಗೆ ಅಲ್ಲ. ಹೇಗೋ ಇಬ್ಬರೂ ಒಂದೇ ಮದುವೆಮನೆಯಲ್ಲಿ ಸೇರಿದ್ದಾರೆ, ದೊಡ್ಡಕ್ಕ ತನ್ನ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿದ್ದಾಳೆ. ಆ ಸಂಜೆಯೇ ಫೋನು. 'ತಮಾ, ಅವಳ ಆಯಿ ಬೆಳ್ಳಗೆ, ನನ್ನ ಆಯಿ ಕಪ್ಪು. ನಾನು ಕೇಳೂದು ಇಷ್ಟೇ, ನಾನು ಮಗಳಲ್ಲನಾ?'

ಮೊಬೈಲಿನಲ್ಲಿ ಹಾಗೆ ಕಾಣಿಸಿರಬಹುದು ಅಂದೆ. ಅವಳು ಕೇಳಲಿಲ್ಲ. ಎರಡೂ ಫೋಟೋ ತರಿಸಿ ನೋಡಿದರೆ ಅವಳು ಹೇಳಿದ್ದು ನಿಜ. ಚೂರೇ ಚೂರು, ಆದರೆ ಕಪ್ಪೇ. ಸರಿ, ಅವಳಿಗೊಂದು ಹೊಸದು ತೆಗೆಯೋಣ ಎಂದು ಈ ಸಲ ಬುದ್ಧಿವಂತಿಕೆಯಿಂದ ಲೆನ್ಸಿನ ಬಾಯಿ ಒಂದು ಮನೆ ಕಿರಿದು ಮಾಡಿ, ಹೊತ್ತು ದುಪ್ಪಟ್ಟು ಮಾಡಿ ತೆಗೆದೆ. ಈಗ ಸಣ್ಣಕ್ಕನ ಆಯಿ ಬೆಳ್ಳಗಾದಳು, ಎಷ್ಟೆಂದರೆ ದೊಡ್ಡಕ್ಕನ ಆಯಿಗಿಂತಲೂ ಬೆಳ್ಳಗೆ. ಸಣ್ಣಕ್ಕ ಅದನ್ನು ಅಕ್ಕನ ಮೊಬೈಲಿಗೆ ಕಳಿಸಿದ್ದೇ ತಡ, ಹಟ್ಟಿಕೇರಿಯಿಂದ ಫೋನು ಬಂತು. ದೊಡ್ಡಕ್ಕ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹೆದರಿಕೆಯಾಗುತ್ತಿರಲಿಲ್ಲ. ತಣ್ಣಗೆ ಹೇಳಿದಳು: 'ಕಡೇ ಎರಡು ವರ್ಷ ಆಯಿನ ನೋಡ್ಕಂಡವಳು ನಾನು. ಇರ್ಲಿ. ಈ ಸಲ ಮಾಲಯಕ್ಕೆ ನಿಮ್ಮಲ್ಲಿಗೆ ಅವಳೇ ಬರ್ಲಿ. ನಾನು ಬರೂದಿಲ್ಲ.' ಅದು ಗೊತ್ತಾದದ್ದೇ ಸಣ್ಣಕ್ಕ, ಅಕ್ಕ ಬರದಿದ್ದರೆ ತಾನು ಬಂದು ಯಾರ ಮುಖ ನೋಡಬೇಕು, ತಾನೂ ಬರುವುದಿಲ್ಲ ಎಂದಳು. ಆಯಿ ಹೋದಮೇಲೆ ನಾವು ಮೂವರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು ವರ್ಷಕ್ಕೆ ಅದೊಂದೇ ದಿನ. ಆ ದಿನವನ್ನೂ ನನ್ನ ಟೈಮರ್ ತಿಂದುಹಾಕಿದರೆ ನಾನು ಯಾವ ಮುಖ ಹೊತ್ತು ಎಡೆ ಇಡಲಿ? ನಗುತ್ತ ಬರೆಯುತ್ತಿದ್ದೇನೆ, ಆದರೆ ಅವತ್ತು ನನಗೆ ಅಳು ಬಂದಿತ್ತು.

ಕುಣಿಯಲಾರದವನಿಗೆ ನೆಲ ಡೊಂಕು. ನಾನು ಮೊದಲು ಕಾಗದವನ್ನು ಬೈದೆ. ಆಮೇಲೆ ಔಷಧಿಯನ್ನು ಬೈದೆ. ಆಮೇಲೆ ಪಕ್ಕದ ಮನೆಯವರ ಪಂಪಿನಿಂದ ವೋಲ್ಟೇಜ್ ಇಳಿಯುತ್ತದೆ ಎಂದು ಅವರ ಮನೆಗೇ ಹೋಗಿ, ಫೋಟೋ ಮುಗಿಯುವ ತನಕ ಪಂಪು ಹಾಕಬೇಡಿ ಎಂದು ಕೇಳಿ, 'ನಿಮ್ಮ ಫೋಟೋಕ್ಕೆ ನಮ್ಮ ಬಾಳೆಗಿಡ ಒಣಗಿಸಬೇಕೇನ್ರೋ' ಅನ್ನಿಸಿಕೊಂಡು ಬಂದೆ. ಪಂಪು ನಿಂತಿದ್ದಾಗ ತೆಗೆದರೂ ಆಯಿ ಒಂದು ಸಲ ಕಪ್ಪು, ಒಂದು ಸಲ ಬಿಳಿ. ಕೊನೆಗೆ ಉಳಿದವರು ಇಬ್ಬರೇ ಆರೋಪಿಗಳು, ಲೆನ್ಸಿನ ಬಾಯಿ ಮತ್ತು ಟೈಮರ್. ಇಬ್ಬರನ್ನೂ ಒಟ್ಟಿಗೆ ವಿಚಾರಿಸಿದರೆ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಬೇರೆ ಬೇರೆ ಕರೆದು ಕೇಳಬೇಕು. ಅಕ್ಕಂದಿರ ಜಗಳ ಬಿಡಿಸಿದ ಅನುಭವ ಇಲ್ಲಿ ಕೆಲಸಕ್ಕೆ ಬಂತು.

ಮೊದಲು ಟೈಮರ್. ಒಂದು ತುಂಡು ಕಾಗದ ತೆಗೆದುಕೊಂಡು, ನೆಗೆಟಿವ್ ಇಲ್ಲದೆ, ಅರ್ಧ ಭಾಗಕ್ಕೆ ರಟ್ಟು ಮುಚ್ಚಿ, ಇನ್ನರ್ಧಕ್ಕೆ ಒಂದೇ ಉಸಿರಿಗೆ ಹತ್ತು ಸೆಕೆಂಡು ಬೆಳಕು ಕೊಟ್ಟೆ. ಆಮೇಲೆ ರಟ್ಟನ್ನು ಆಚೆ ಸರಿಸಿ, ಮುಚ್ಚಿದ್ದ ಭಾಗಕ್ಕೆ ಒಂದೊಂದೇ ಸೆಕೆಂಡಿನಂತೆ ಹತ್ತು ಸಲ ಕೊಟ್ಟೆ. ಒಟ್ಟು ಲೆಕ್ಕ ಒಂದೇ ಅಲ್ಲವೇ? ಔಷಧಿಯಲ್ಲಿ ಅದ್ದಿದರೆ ಚಿಲ್ಲರೆ ಕೊಟ್ಟ ಭಾಗ ಬಿಳಿಚಿಕೊಂಡಿತ್ತು. ಕಳ್ಳ ಸಿಕ್ಕ. ಕಾವಲಿ ಕಾಯುವ ಮೊದಲೇ ಹುಯ್ದ ದೋಸೆ ಹೇಗೆ ಏಳುವುದಿಲ್ಲವೋ ಹಾಗೆ, ಬಲ್ಬು ಪೂರ್ತಿ ಬೆಳಗುವ ಮೊದಲೇ ಟೈಮರ್ ಲೆಕ್ಕ ಶುರುಮಾಡಿರುತ್ತದೆ. ಸಾಲದ್ದಕ್ಕೆ ಅದರ ಹಳೆಯ ಸ್ಪ್ರಿಂಗು ಒಂದು ಸಲ ಬೇಗ, ಒಂದು ಸಲ ತಡವಾಗಿ ಬಿಡುತ್ತದೆ. ಹೊತ್ತು ಉದ್ದವಿದ್ದರೆ ಈ ಕಳ್ಳತನ ಗೊತ್ತಾಗುವುದಿಲ್ಲ. ಹಂಡೆಯಿಂದ ಒಂದು ಹನಿ ಚೆಲ್ಲಿದರೆ ಯಾರು ಕೇಳುತ್ತಾರೆ? ನಾನು ಅವಸರಕ್ಕೆ ಬಿದ್ದು ಚಮಚೆಯಲ್ಲಿ ಅಳೆಯಲು ಹೋಗಿದ್ದೆ, ಅಲ್ಲಿ ಒಂದು ಹನಿಯೇ ಅರ್ಧ ಪಾಲು.

ಇನ್ನು ಲೆನ್ಸು. ಅದರ ಬಳೆಯ ಮೇಲೆ ಕೊರೆದ ಅಂಕಿಗಳನ್ನು ನಾನು ಇಷ್ಟು ವರ್ಷ ಶಾಸನದಂತೆ ನಂಬಿದ್ದೆ. ಎಂಟಕ್ಕೆ ಇಟ್ಟು ಒಂದು ತುಂಡು ಕಾಗದಕ್ಕೆ ಬೆಳಕು ಕೊಟ್ಟೆ. ಬಳೆಯನ್ನು ಪೂರ್ತಿ ತಿರುಗಿಸಿ, ಆಚೆ ಕಡೆಯಿಂದ ಹಿಂದಕ್ಕೆ ಬಂದು ಮತ್ತೆ ಎಂಟಕ್ಕೆ ನಿಲ್ಲಿಸಿ ಇನ್ನೊಂದು ತುಂಡಿಗೆ ಕೊಟ್ಟೆ. ಎರಡು ಎಂಟುಗಳಿಗೆ ಎರಡು ಬಣ್ಣ. ಸಮುದ್ರದ ಗಾಳಿ ತಿಂದ ಬಳೆ ಸಡಿಲಾಗಿತ್ತು. ಟಕ್ ಅನ್ನುತ್ತದೆ, ಆದರೆ ಯಾವ ಕಡೆಯಿಂದ ಬಂದಿರಿ ಎಂಬುದರ ಮೇಲೆ ಬಾಯಿ ಚೂರು ಹೆಚ್ಚೋ ಕಡಿಮೆಯೋ ತೆರೆದುಕೊಂಡಿರುತ್ತದೆ. ಒಂದು ಮನೆ ತಿರುಗಿಸಿದರೆ ಬೆಳಕು ಅರ್ಧ ಎನ್ನುವುದೂ ಬಸ್‌ಸ್ಟ್ಯಾಂಡಿನ ವೇಳಾಪಟ್ಟಿಯಷ್ಟೇ ಸತ್ಯ ಎಂದು ಆ ದಿನವೇ ತಿಳಿಯಿತು. ಅಂದರೆ ಇಬ್ಬರೂ ಕಳ್ಳರೇ. ನಾನು ಒಬ್ಬ ಕಳ್ಳನ ಲೆಕ್ಕವನ್ನು ಇನ್ನೊಬ್ಬ ಕಳ್ಳನಿಂದ ತಾಳೆ ನೋಡುತ್ತಿದ್ದೆ.

ಆ ಸತ್ಯ ತಿಳಿದ ಕ್ಷಣ ನಾನು ಬಚ್ಚಲಿನಲ್ಲಿ ಒಬ್ಬನೇ ನಕ್ಕೆ. ಹೊರಗೆ ಮಂಗಲಾ, 'ಎಂತಾಯ್ತು ನಿಮಗೆ?' ಎಂದು ಗಾಬರಿಯಾದಳು. ಬಾಗಿಲು ತೆರೆದು ಕಪ್ಪು ಬಿಳಿ ಕಾಗದದ ತುಂಡುಗಳನ್ನು ಅವಳೆದುರು ಹಿಡಿದು ಇಡೀ ತನಿಖೆಯನ್ನು ವಿವರಿಸಿದೆ. ಅವಳು ತಾಳ್ಮೆಯಿಂದ ಕೇಳಿ, 'ಹಂಗಾದ್ರೆ ಬಾಯಿಗೂ ಕೈ ಹಚ್ಚಬೇಡಿ, ಅವಸರಾನೂ ಮಾಡಬೇಡಿ. ನಾನು ಬಾಗಿಲು ಕಾಯ್ತೆ,' ಎಂದಳು. ಮದುವೆಯಾದಾಗಿನಿಂದ ಬಚ್ಚಲನ್ನು ಅವಳಾಗಿಯೇ ನನಗೆ ಬಿಟ್ಟುಕೊಟ್ಟದ್ದು ಅದೇ ಮೊದಲು.

ಬೆಳಿಗ್ಗೆಯೇ ಮನೆಯವರೆಲ್ಲರ ಸ್ನಾನ ಮುಗಿಯಿತು. ನಾನು ಒಳಹೊಕ್ಕು, ಬಳೆಯನ್ನು ಒಂದೇ ಕಡೆಯಿಂದ ತಿರುಗಿಸಿ ಬಾಯಿ ಚೆನ್ನಾಗಿ ಕಿರಿದು ಮಾಡಿ, ಅಲುಗಾಡದಂತೆ ಗಾಯಕ್ಕೆ ಹಚ್ಚುವ ಪ್ಲಾಸ್ಟರಿನಿಂದ ಸುತ್ತಿಬಿಟ್ಟೆ. ಟೈಮರನ್ನು ಉದ್ದಕ್ಕೆ ಇಟ್ಟೆ. ಒಂದು ತುಂಡಿನಲ್ಲಿ ಆಯಿಯ ಕೆನ್ನೆಯನ್ನೂ ಮೂಲೆಯ ಹಲಸಿನ ತೊಗಟೆಯನ್ನೂ ನೋಡಿ ಹೊತ್ತು ಗೊತ್ತುಮಾಡಿಕೊಂಡೆ. ಆಮೇಲೆ ಮೊದಲ ಕಾಗದ, ಅದೇ ಹೊತ್ತು. ಎರಡನೆಯ ಕಾಗದ, ಅದೇ ಹೊತ್ತು. ಹೊರಗೆ ಯಾರೋ ಬಂದ ಸದ್ದು. 'ಅವ್ರು ಎಲ್ಲಿ?' ಎಂಬ ಪ್ರಶ್ನೆಗೆ ಮಂಗಲಾ, 'ಬಚ್ಚಲಲ್ಲಿ ಇದಾರೆ, ಅತ್ತೆನ ತೊಳೀತಾ ಇದಾರೆ,' ಎಂದದ್ದು ಕೇಳಿಸಿತು. ಬಂದವರು ಪಕ್ಕದ ಮನೆಯ ಪಂಪಿನವರು, ಆಯಿಯ ಕಾರ್ಯಕ್ಕೆ ಬಂದು ಉಂಡುಹೋದವರು. ಬಂದ ಕಾಲಲ್ಲೇ ಹಿಂದಿರುಗಿದರು. ನಾನು ಎರಡು ಕಾಗದಗಳನ್ನೂ ಬೆನ್ನಿಗೆ ಬೆನ್ನು ಹಚ್ಚಿ ಒಂದೇ ತಟ್ಟೆಯ ಔಷಧಿಗೆ ಇಳಿಸಿದೆ. ಕೆಂಪು ಬೆಳಕಿನಲ್ಲಿ ಮೊದಲು ಆಯಿಯ ಕಣ್ಣು, ಆಮೇಲೆ ಮೂಗುತಿ, ಆಮೇಲೆ ಬಿಸಿಲಿಗೆ ಸುಕ್ಕಿದ ಹಣೆ ಮೂಡಿದವು. ತಿರುಗಿಸಿದೆ. ಅಲ್ಲೂ ಅವಳೇ, ಅಷ್ಟೇ ಕಪ್ಪು, ಅಷ್ಟೇ ಬೆಳಕು. ಒಣಗಿದ ಮೇಲೆ ಎರಡನ್ನೂ ಅಂಗಳದ ಬಿಸಿಲಿನಲ್ಲಿಟ್ಟು, ಅರ್ಧರ್ಧ ಒಂದರ ಮೇಲೊಂದು ಜೋಡಿಸಿ ನೋಡಿದೆ. ಗೆರೆ ಎಲ್ಲಿ ಸೇರಿತೆಂಬುದೇ ತಿಳಿಯಲಿಲ್ಲ. ಊರಿಗೆ ಊರೇ ಬಂದು ನೋಡಲಿ ಅನ್ನಿಸಿತು.

ಅಕ್ಕಂದಿರಿಗೆ ಫೋನ್ ಮಾಡಿ, ಫೋಟೋ ಬೇಕಾದರೆ ಮಹಾಲಯದ ದಿನ ಇಲ್ಲಿಗೇ ಬಂದು ಆರಿಸಿಕೊಳ್ಳಿ, ಮೊದಲು ಬಂದವರಿಗೆ ಮೊದಲ ಆಯ್ಕೆ ಎಂದೆ. ಇಬ್ಬರೂ ತಮ್ಮ ತಮ್ಮ ಊರಿನ ಮೊದಲ ಬಸ್ಸಿಗೇ ಬಂದರು. ಒಬ್ಬಳು ಆ ಕಡೆಯಿಂದ, ಒಬ್ಬಳು ಈ ಕಡೆಯಿಂದ ಗೇಟಿನಲ್ಲಿ ಎದುರಾದರು, ಮಾತಾಡಲಿಲ್ಲ. ಕಟ್ಟು ಹಾಕಿಸಿದ ಎರಡು ಫೋಟೋಗಳನ್ನೂ ಜಗಲಿಯ ಬೆಳಕಿಗೆ ಪಕ್ಕಪಕ್ಕ ಇಟ್ಟೆ. ಸಣ್ಣಕ್ಕ ಕೂತಳು, ಎದ್ದಳು, ಒಂದನ್ನು ಬಾಗಿಲ ಬಳಿ ಒಯ್ದು ನೋಡಿದಳು. ದೊಡ್ಡಕ್ಕ ಕನ್ನಡಕ ಒರೆಸಿಕೊಂಡು ಬಂದಳು. ಒಂದನ್ನು ಎತ್ತಿ ಇನ್ನೊಂದರ ಜಾಗಕ್ಕೆ ಇಟ್ಟಳು. ಮತ್ತೆ ಬದಲಿಸಿದಳು. ಬಹಳ ಹೊತ್ತಿನ ಮೇಲೆ ಸಣ್ಣಕ್ಕನ ಕಡೆ ತಿರುಗಿ, 'ನಿನಗೆ ಎಂತಾದ್ರೂ ಕಾಣ್ತದೆಯನೇ?' ಎಂದು ಕೇಳಿದಳು. ಮೂರು ವಾರಗಳ ಮೌನ ಅಲ್ಲಿಗೆ ಮುರಿಯಿತು. 'ಇಲ್ವೇ ಅಕ್ಕಾ, ಸಮಾ ಅದೆ,' ಎಂದಳು ಸಣ್ಣಕ್ಕ.

ನಾನು ಗೆದ್ದಿದ್ದೆ. ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ. ಗಂಟಲು ಸರಿಮಾಡಿಕೊಂಡು, ಟೈಮರ್ ಮತ್ತು ಅಪರ್ಚರಿನ ಕಳ್ಳತನವನ್ನು ನಾನು ಹಿಡಿದ ಬಗೆಯನ್ನು ವಿವರಿಸಲು ಶುರುಮಾಡಿದೆ. ಅವರು ಕೇಳುತ್ತಿರಲಿಲ್ಲ. ಆಯಿಯ ಮೂಗುತಿ ಯಾರ ಮದುವೆಯಲ್ಲಿ ಮಾಡಿಸಿದ್ದು, ಉಟ್ಟ ಸೀರೆ ಯಾವುದು, ಅವತ್ತು ಅವಳು ಅತ್ತಿದ್ದು ಫೋಟೋ ತೆಗೆಯುವ ಮೊದಲೋ ಆಮೇಲೋ, ಇದೇ ಮಾತು. ಆಗ ಸಣ್ಣಕ್ಕ, ಹಳೆಯ ಕಟ್ಟಿನ ಅಂಚಿನಡಿ ಮರೆಯಾಗಿದ್ದ ಚಿತ್ರದ ಬಲಮೂಲೆಯ ಮೇಲೆ ಬೆರಳಿಟ್ಟು, 'ಇದೆಂತದು ತಮಾ, ಕಪ್ಪಗೆ?' ಎಂದಳು. ಹಲಸಿನ ಮರದ ಬೊಡ್ಡೆ ಅಂದೆ. 'ಆ ಬದಿಗೆ ಹಲಸು ಎಲ್ಲಿತ್ತೋ? ಹಲಸು ಇದ್ದದ್ದು ಕೊಟ್ಟಿಗೆ ಹಿಂದೆ. ಆ ಬದಿಗೆ ಬಾವಿ,' ಎಂದಳು. 'ಬಾವಿಯೇ,' ಎಂದಳು ದೊಡ್ಡಕ್ಕ. ಈಗ ಅಲ್ಲಿ ಹೋಗಿ ನೋಡಿಬರುವ ಹಾಗಿಲ್ಲ, ಇವರಿಬ್ಬರ ಸಾಕ್ಷಿಯೇ ಕಡೆಯದು. ಇಬ್ಬರೂ ಬಗ್ಗಿ ನೋಡಿದರು. ನಾನೂ ಬಗ್ಗಿದೆ. ಮೇಲ್ಗಡೆ ದುಂಡಗೆ, ಅಂಚು ಮಸುಕು. ಮಂಗಲಾ ಅಡುಗೆಮನೆಯಿಂದ ಬಂದವಳು ಒಂದೇ ನೋಟಕ್ಕೆ, 'ಅದು ಇವರ ಬೆರಳು,' ಎಂದಳು.

ಕ್ಯಾಮೆರಾ ಹಿಡಿಯಲು ಬಾರದ ಹುಡುಗನೊಬ್ಬನ ಬೆರಳು ಲೆನ್ಸಿಗೆ ಅಡ್ಡ ಬಂದಿತ್ತು. ಇಷ್ಟು ವರ್ಷ ನಾನು ಅದನ್ನು ಮರ ಅಂದುಕೊಂಡಿದ್ದೆ. ಅಷ್ಟೇ ಅಲ್ಲ, ಬಚ್ಚಲಿನಲ್ಲಿ ಕಪ್ಪು ಬಣ್ಣ ಸರಿಬಂತೋ ಇಲ್ಲವೋ ಎಂದು ಪ್ರತಿ ಸಲ ಪರೀಕ್ಷೆ ಮಾಡಿದ್ದು ಆ ಮರದ ತೊಗಟೆಯನ್ನು ನೋಡಿಯೇ. ಸಣ್ಣಕ್ಕ ನಗತೊಡಗಿದವಳು ಕಂಬ ಹಿಡಿದುಕೊಳ್ಳಬೇಕಾಯಿತು. ದೊಡ್ಡಕ್ಕನೂ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, 'ಇರ್ಲಿ ತಮಾ. ಆಯಿ ಒಬ್ಬಳೇ ನಿಂತಿದ್ಲು ಅಂದ್ಕಂಡಿದ್ದೆ. ನೀನೂ ಸಂಗ್ತಿಗೆ ಇದ್ಯಲ್ಲ,' ಎಂದಳು.

ಅಷ್ಟರಲ್ಲಿ ಹೊತ್ತಾಯಿತೆಂದು ಎರಡೂ ಫೋಟೋಗಳನ್ನು ಒಳಗೆ ಮಣೆಯ ಮೇಲಿಟ್ಟು, ಅಕ್ಕಂದಿರು ಎರಡಕ್ಕೂ ಗಂಧ ಹಚ್ಚಿ ಹಾರ ಹಾಕಿದರು. ಹಾರ ಆಯಿಯನ್ನೂ ನನ್ನ ಬೆರಳನ್ನೂ ಒಟ್ಟಿಗೇ ಬಳಸಿ ಕೂತಿತು. ಎಲೆ ಹಾಕಿ, ಆಯಿಗೆ ಇಷ್ಟವಾದದ್ದೆಲ್ಲ ಬಡಿಸಿ, ಬಾಗಿಲು ಮುಂದೆಮಾಡಿ ನಾವು ಹೊರಗೆ ಬಂದೆವು. ಹೊರಗಿಟ್ಟ ಪಾಲನ್ನು ಕಾಗೆ ಬಂದು ಮುಟ್ಟಿಹೋದ ಮೇಲೆ ಮೂವರೂ ಒಂದೇ ಪಂಕ್ತಿಯಲ್ಲಿ, ನಾನು ಮಧ್ಯದಲ್ಲಿ, ಊಟಕ್ಕೆ ಕೂತೆವು. ಮಂಗಲಾ ಎರಡೂ ಕಡೆ ಎಲೆ ಹಾಕಿ, ನನ್ನ ಮುಂದೆ ಬಂದು ತಡೆದು ನಿಂತಳು.

'ನಿಮಗೆ ಒಳಗೆ ಹಿರೀರ ಸಾಲಲ್ಲೇ ಬಡಿಸಿ ಆಯ್ತಲ್ಲ,' ಎಂದಳು, 'ಇಲ್ಲಿ ಬೇರೆ ಎಲೆ ಬೇಕಾ?'